ಆಟಿಸಂ ಇರುವ ಹೆಸರಾಂತರು: ಕಣ್ಣಿಗೆ ಬೀಳುವ ಪ್ರತಿಭೆ, ಬೀಳದ ಏರ್ಪಾಡು

ಏಪ್ರಿಲ್ 2, ವಿಶ್ವ ಆಟಿಸಂ ಜಾಗೃತಿ ದಿನ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಪಟ್ಟಿ ತಿರುಗಾಡುತ್ತದೆ. ನ್ಯೂಟನ್, ಐನ್‌ಸ್ಟೈನ್, ಮೆಸ್ಸಿ, ಮಸ್ಕ್, ಬಿಲ್ ಗೇಟ್ಸ್, ಇವರಿಗೆಲ್ಲ ಆಟಿಸಂ (ಮಾತು, ಒಡನಾಟ, ನಡವಳಿಕೆ ಬೇರೆ ಬಗೆಯಲ್ಲಿ ಬೆಳೆಯುವ ಸ್ಥಿತಿ) ಇತ್ತು, ನಿಮ್ಮ ಮಗುವೂ ಹಾಗೇ ಆಗಬಹುದು, ಧೈರ್ಯವಾಗಿರಿ ಎನ್ನುವ ಪಟ್ಟಿ. ಮೂರು ವರ್ಷದ ಮಗು ಇನ್ನೂ 'ಅಮ್ಮ' ಅನ್ನದ ಮನೆಗೆ ಇದನ್ನು ಕಳಿಸುವವರ ಮನಸ್ಸು ಒಳ್ಳೆಯದೇ. ಪಟ್ಟಿ ಮಾತ್ರ ಸರಿಯಿಲ್ಲ.

ಅದನ್ನು ಜರಡಿ ಹಿಡಿದರೆ ಉಳಿಯುವುದು ಕಡಿಮೆ. ನ್ಯೂಟನ್, ಐನ್‌ಸ್ಟೈನ್ ಇಬ್ಬರದೂ ಸತ್ತ ಮೇಲೆ ಜೀವನಚರಿತ್ರೆ ಓದಿ ಮಾಡಿದ ಊಹೆ. ತಪಾಸಣೆಗೆ ಯಾರೂ ಸಿಗುವುದಿಲ್ಲ, ಹಾಗಾಗಿ ತಪ್ಪೆಂದು ತೋರಿಸಲೂ ಆಗುವುದಿಲ್ಲ. ಮೆಸ್ಸಿಗೆ ಬಾಲ್ಯದಲ್ಲಿದ್ದದ್ದು ಬೆಳವಣಿಗೆಯ ಹಾರ್ಮೋನಿನ ಕೊರತೆ, ಆಟಿಸಂ ಅಲ್ಲ. ಬಿಲ್ ಗೇಟ್ಸ್ 2025ರ ಆತ್ಮಕಥೆಯಲ್ಲಿ ಹೇಳಿದ್ದು, ತಾನು ಈಗ ಹುಡುಗನಾಗಿದ್ದರೆ ಬಹುಶಃ ಆಟಿಸಂ ಸ್ಪೆಕ್ಟ್ರಮ್‌ನಲ್ಲಿ, ಅಂದರೆ ಸೌಮ್ಯದಿಂದ ತೀವ್ರದವರೆಗಿನ ಅದರ ಹರವಿನಲ್ಲಿ, ಇದ್ದೇನೆ ಎನ್ನುತ್ತಿದ್ದರು ಎಂದಷ್ಟೆ. ಹಾಸ್ಯನಟ ಜೆರ್ರಿ ಸೈನ್‌ಫೆಲ್ಡ್ 2014ರಲ್ಲಿ ತನಗೂ ಇರಬಹುದು ಅಂದರು, ಕೆಲವೇ ದಿನಗಳಲ್ಲಿ ಮಾತು ಹಿಂತೆಗೆದುಕೊಂಡರು. ಇಲಾನ್ ಮಸ್ಕ್ 2021ರ ಮೇನಲ್ಲಿ ಟಿವಿ ವೇದಿಕೆಯ ಮೇಲೆ ತನಗೆ ಆಸ್ಪರ್ಗರ್ಸ್ (ಆಟಿಸಂನ ಒಂದು ಬಗೆ) ಇದೆ ಎಂದು ತಾವೇ ಹೇಳಿಕೊಂಡರು. ಹವಾಮಾನ ಹೋರಾಟಗಾರ್ತಿ ಗ್ರೇಟಾ ಥನ್‌ಬರ್ಗ್‌ಗೆ ಬಾಲ್ಯದಲ್ಲೇ, ಗಾಯಕಿ ಸೂಸನ್ ಬಾಯ್ಲ್‌ಗೆ ಐವತ್ತು ದಾಟಿದ ಮೇಲೆ ವೈದ್ಯಕೀಯವಾಗಿ ಗುರುತಾಯಿತು. ಈ ಇಬ್ಬರದು ಗಟ್ಟಿ ಉದಾಹರಣೆ. ಆದರೆ ಮಾತೇ ಬಾರದ, ಊಟಕ್ಕೂ ಶೌಚಕ್ಕೂ ಇನ್ನೊಬ್ಬರು ಬೇಕಾದ ಮಗುವಿನ ಮನೆಗೆ ಇವರಿಂದ ಕಲಿಯಲು ಸಿಗುವುದು ಅಷ್ಟಕ್ಕಷ್ಟೆ.

ಹೆಸರಾಂತರ ಬದುಕಿನಿಂದ ಕಲಿಯಲು ಏನೂ ಇಲ್ಲವೆಂದಲ್ಲ. ಬೇರೆ ಹೆಸರುಗಳನ್ನು ನೋಡಬೇಕು, ಅಲ್ಲಿ ಬೇರೆಯದೇ ಹುಡುಕಬೇಕು: ಆ ವ್ಯಕ್ತಿಗೆ ಏನು ಬರುತ್ತಿತ್ತು ಎಂಬುದಕ್ಕಿಂತ, ಸುತ್ತಲಿನವರು ಏನು ಏರ್ಪಾಡು ಮಾಡಿದ್ದರು, ಯಾರು ಎಷ್ಟು ಹೊತ್ತು ಜೊತೆಗಿದ್ದರು, ಹಣ ಯಾವ ರೂಪದಲ್ಲಿತ್ತು, ಅಪ್ಪ-ಅಮ್ಮ ಹೋದ ಮೇಲೆ ಏನಾಯಿತು.

ಮೊದಲ ರೋಗಿ, 89 ವರ್ಷದ ಬದುಕು

1938ರಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಪುಟ್ಟ ಊರಿನ ವಕೀಲರೊಬ್ಬರು ತಮ್ಮ ಮಗನ ಬಗ್ಗೆ 33 ಪುಟಗಳ ಟಿಪ್ಪಣಿ ಬೆರಳಚ್ಚು ಮಾಡಿಸಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್‌ಗೆ ಕಳಿಸಿದರು. ಐದು ವರ್ಷದ ಮೇಲೆ, 1943ರಲ್ಲಿ, ಕ್ಯಾನರ್ 11 ಮಕ್ಕಳ ವಿವರವಿದ್ದ ಪ್ರಬಂಧ ಪ್ರಕಟಿಸಿದರು. ಆಟಿಸಂ ಎಂಬ ಪ್ರತ್ಯೇಕ ಸ್ಥಿತಿಯನ್ನು ವೈದ್ಯಲೋಕ ಗುರುತಿಸಿದ್ದು ಅಲ್ಲಿಂದ. ಅದರ ಮೊದಲ ಮಗು ಡೊನಾಲ್ಡ್ ಟ್ರಿಪ್ಲೆಟ್. ಹುಟ್ಟಿದ್ದು 1933, ತೀರಿಕೊಂಡದ್ದು 2023ರ ಜೂನ್‌ನಲ್ಲಿ, 89ನೇ ವಯಸ್ಸಿನಲ್ಲಿ.

ಮೂರನೇ ವಯಸ್ಸಿಗೆ ಈ ಮಗುವನ್ನು ವೈದ್ಯರ ಮಾತು ಕೇಳಿ ದೂರದ ಸಂಸ್ಥೆಯೊಂದಕ್ಕೆ ಸೇರಿಸಲಾಗಿತ್ತು. ಆಗಿನ ಪದ್ಧತಿಯೇ ಅದು. ಅಲ್ಲಿ ಮಗು ಇನ್ನಷ್ಟು ಮುದುಡಿಕೊಂಡಿತು. ಸುಮಾರು ಒಂದು ವರ್ಷದ ಬಳಿಕ ಅಪ್ಪ-ಅಮ್ಮ ಅಲ್ಲಿನವರ ಮಾತು ಮೀರಿ ವಾಪಸು ಕರೆತಂದರು. ಮುಂದೆ, ಹುಡುಗನಿಗೆ ಒಂಬತ್ತು ವರ್ಷವಾಗುವ ಹೊತ್ತಿಗೆ, ಊರಿನಿಂದ ಹತ್ತು ಮೈಲಿ ದೂರದ ಒಕ್ಕಲು ದಂಪತಿಯ ಮನೆಯಲ್ಲಿ ಬಿಟ್ಟರು. ಆ ದಂಪತಿ ಮಾಡಿದ್ದನ್ನು ಕ್ಯಾನರ್ ಮುಂದೆ ಬೆರಗಿನಿಂದ ದಾಖಲಿಸಿದ್ದಾರೆ. ಹುಡುಗನಿಗೆ ಅಳತೆಯ ಗೀಳು. ಬಾವಿ ತೋಡಲು ಹಚ್ಚಿ ಎಷ್ಟು ಆಳವಾಯಿತು ಎಂದು ಲೆಕ್ಕ ಕೊಡಿಸಿದರು. ಮೆಕ್ಕೆಜೋಳದ ಸಾಲುಗಳನ್ನು ಎಣಿಸುತ್ತಲೇ ಇರುತ್ತಿದ್ದ; ಉಳುತ್ತಾ ಎಣಿಸು ಅಂದರು. ಇಂದು 'ಆಸಕ್ತಿ ಆಧಾರಿತ ಕಲಿಕೆ' ಎಂದು ಗಂಟೆಗೆ ಸಾವಿರ ರೂಪಾಯಿ ಕೊಟ್ಟು ಪಡೆಯುವುದನ್ನು ಯಾವ ತರಬೇತಿಯೂ ಇಲ್ಲದ ರೈತರು ಮಾಡಿದ್ದರು. ಗೀಳನ್ನು ಬಿಡಿಸಲು ಹೋಗಲಿಲ್ಲ, ಕೆಲಸಕ್ಕೆ ಕಟ್ಟಿದರು.

ಡೊನಾಲ್ಡ್ ಪದವಿ ಮುಗಿಸಿದರು, ಫ್ರೆಂಚ್ ಓದಿದರು. ತಾತ ಸ್ಥಾಪಕರಲ್ಲೊಬ್ಬರಾಗಿದ್ದ ಊರಿನ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದರು. ಕಾರು ಓಡಿಸಿದರು, ದಿನವೂ ಗಾಲ್ಫ್ ಆಡಿದರು, ಒಬ್ಬರೇ ದೇಶದೇಶ ಸುತ್ತಿದರು. ಅವರ ಖರ್ಚಿಗೆ ಮನೆಯವರು ಟ್ರಸ್ಟ್ ಮಾಡಿಟ್ಟಿದ್ದರು, ಉಸ್ತುವಾರಿಗೆ ತಮ್ಮನಿದ್ದ. ಇಡೀ ಊರಿಗೆ ಅವರು ಪರಿಚಿತರು. ವಿಚಾರಿಸಲು ಬಂದ ಪತ್ರಕರ್ತರನ್ನು, ಅವನಿಗೆ ನೋವಾಗುವಂಥದ್ದು ಮಾಡಿದರೆ ನಮ್ಮ ಜೊತೆ ಲೆಕ್ಕ ಚುಕ್ತಾ ಮಾಡಬೇಕಾಗುತ್ತದೆ ಎಂದು ಊರಿನವರು ಎಚ್ಚರಿಸಿದ್ದುಂಟು.

ಬ್ಯಾಂಕೇ ಮನೆಯದ್ದಾದರೆ ಯಾರಿಗಾದರೂ ಕೆಲಸ ಸಿಗುತ್ತದೆ ಎನ್ನಬಹುದು. ನ್ಯಾಯವಾದ ಮಾತೇ. ಆದರೆ ಕ್ಯಾನರ್ 1971ರಲ್ಲಿ ಆ 11 ಮಕ್ಕಳು ಏನಾದರೆಂದು ಹುಡುಕಿ ಬರೆದ ವರದಿ ನೋಡಿ. ಸರ್ಕಾರಿ ಮನೋರೋಗ ಆಸ್ಪತ್ರೆಗಳಿಗೆ ಹೋದ ನಾಲ್ವರು ಬೇಗನೆ ಮಂಕಾಗಿ, ಇದ್ದ ಜಾಣ್ಮೆಯನ್ನೂ ಕಳೆದುಕೊಂಡಿದ್ದರು. ಬ್ಯಾಂಕಿನ ನಂಟಿಲ್ಲದ ಇನ್ನೊಬ್ಬ ಹುಡುಗ ವೃತ್ತಿ ತರಬೇತಿ ಪಡೆದು ನಕಲು ಯಂತ್ರ ನಡೆಸುವ ಕೆಲಸದಲ್ಲಿದ್ದ, ಮೇಲಧಿಕಾರಿಯ ಮೆಚ್ಚುಗೆ ಗಳಿಸಿದ್ದ. ಒಂದೇ ಪ್ರಬಂಧದ, ಒಂದೇ ರೋಗನಿರ್ಣಯದ ಮಕ್ಕಳು. ಎಲ್ಲಿ ಬೆಳೆದರು ಎಂಬುದೂ ಈ ಅಂತರಕ್ಕೆ ಕಾರಣವಿರಬೇಕು.

ಒತ್ತುವ ಯಂತ್ರದ ಹಿಡಿ ಯಾರ ಕೈಯಲ್ಲಿ

ಆಟಿಸಂ ಇರುವ ಟೆಂಪಲ್ ಗ್ರ್ಯಾಂಡಿನ್ ಹೆಸರನ್ನು ಬಹಳ ಮಂದಿ ಕೇಳಿರುತ್ತಾರೆ. 1947ರಲ್ಲಿ ಹುಟ್ಟಿದವರು, ಕೊಲರಾಡೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪಶುವಿಜ್ಞಾನದ ಪ್ರಾಧ್ಯಾಪಕಿ. ಉತ್ತರ ಅಮೆರಿಕದ ಸುಮಾರು ಅರ್ಧದಷ್ಟು ದನಗಳು ಕಸಾಯಿಖಾನೆಯಲ್ಲಿ ಅವರು ವಿನ್ಯಾಸ ಮಾಡಿದ ವ್ಯವಸ್ಥೆಗಳಲ್ಲೇ ಹಾದುಹೋಗುತ್ತವೆ. ಎರಡೂವರೆ ವರ್ಷಕ್ಕೂ ಮಾತಿರಲಿಲ್ಲ. ಸಂಸ್ಥೆಗೆ ಸೇರಿಸುವ ಮಾತು ಮನೆಯಲ್ಲೇ ಎದ್ದಾಗ ಅಮ್ಮ ಯುಸ್ಟೇಷಿಯಾ ಕಟ್ಲರ್ ಒಪ್ಪಲಿಲ್ಲ. ಸ್ಪೀಚ್ ಥೆರಪಿ ಶುರು ಮಾಡಿಸಿದರು, ಮನೆಯಲ್ಲಿ ಒಬ್ಬ ದಾದಿಯನ್ನು ಇಟ್ಟರು. ದಾದಿಯ ಕೆಲಸ ದಿನಕ್ಕೆ ಹಲವು ಗಂಟೆ ಸರದಿಯ ಆಟ ಆಡಿಸುವುದು: ಒಮ್ಮೆ ನೀನು, ಒಮ್ಮೆ ನಾನು. ಚೆಂಡು ಉರುಳಿಸುವುದು, ದಾಳ ಹಾಕುವುದು, ಇಷ್ಟೆ. ಮಾತು ಎಂದರೂ ಮೂಲದಲ್ಲಿ ಸರದಿಯೇ, ಆದ್ದರಿಂದ ಈ ಆಟ ಕೆಲಸಕ್ಕೆ ಬರುತ್ತದೆ. ಚೌಕಾಬಾರ, ಅಳಗುಳಿಮಣೆ ಇರುವ ಮನೆಯಲ್ಲಿ ಇದಕ್ಕೆ ಹೊಸ ಆಟಿಕೆ ಕೊಳ್ಳಬೇಕಿಲ್ಲ; ಬೇಕಾದ್ದು ಮೊಬೈಲ್ ಬದಿಗಿಟ್ಟು ಎದುರು ಕೂರುವ ಒಬ್ಬ ದೊಡ್ಡವರು.

ಸಂಬಂಧಿಕರೊಬ್ಬರ ಅರಿಜೋನಾ ಫಾರ್ಮಿನಲ್ಲಿ ಚುಚ್ಚುಮದ್ದು ಕೊಡುವಾಗ ದನವನ್ನು ಎರಡು ಬದಿಯಿಂದ ಹಿಡಿಯುವ ಕಟ್ಟು ನೋಡಿ, ಹದಿಹರೆಯದಲ್ಲಿ ಅವರು ತಮಗೇ ಒಂದು ಒತ್ತುವ ಯಂತ್ರ ಮಾಡಿಕೊಂಡರು. ಎರಡು ಮೆತ್ತೆಯ ಹಲಗೆ, ಹಿಡಿ ಅವರದೇ ಕೈಯಲ್ಲಿ. ಆ ಕೊನೆಯ ಭಾಗವನ್ನೇ ಎಲ್ಲರೂ ಮರೆಯುತ್ತಾರೆ. ಗಟ್ಟಿಯಾದ ಒತ್ತಡ ಹಲವು ಮಕ್ಕಳನ್ನು ತಣ್ಣಗಾಗಿಸುತ್ತದೆ ನಿಜ. ಯಾವಾಗ, ಎಷ್ಟು, ಯಾವಾಗ ಸಾಕು ಎಂಬುದು ಮಗುವಿನ ಹಿಡಿತದಲ್ಲಿದ್ದರೆ. ಕಿರುಚುವ ಮಗುವನ್ನು ಬಲವಂತವಾಗಿ ಅವುಚಿ ಹಿಡಿಯುವುದು ಅದರ ತದ್ವಿರುದ್ಧ. ತೂಕದ ಕಂಬಳಿಯೂ ಅಷ್ಟೆ: ಮಗು ತಾನಾಗಿ ಸರಿಸಿ ಎದ್ದು ಬರುವಂತಿದ್ದರೆ ಮಾತ್ರ, ಎಳೆಗೂಸುಗಳಿಗೆ ಸರ್ವಥಾ ಬೇಡ.

ಬೆಂಗಳೂರಿನ ಹುಡುಗನೊಬ್ಬನ ಅಕ್ಷರ ಹಲಗೆ

ಈ ಚರಿತ್ರೆಯಲ್ಲಿ ನಮ್ಮ ಊರೂ ಇದೆ. ಟಿಟೊ ರಾಜರ್ಷಿ ಮುಖೋಪಾಧ್ಯಾಯ ಮಾತು ಬಾರದ ಹುಡುಗ. ತಾಯಿ ಸೋಮಾ ಅವನನ್ನು ಕರೆದುಕೊಂಡು ಬೆಂಗಳೂರಿನಲ್ಲಿದ್ದಾಗಲೇ ಅವನ ಬರವಣಿಗೆ ಹೊರಬಂತು. 2000ದಲ್ಲಿ ಇಂಗ್ಲೆಂಡಿನಲ್ಲಿ ಪುಸ್ತಕವಾಯಿತು. 2001ರ ಹೊತ್ತಿಗೆ ಹಾಲಿವುಡ್ ನಿರ್ಮಾಪಕ ಜಾನ್ ಶೆಸ್ಟಾಕ್ ಮತ್ತು ಪೋರ್ಷಿಯಾ ಐವರ್ಸನ್ ದಂಪತಿ (ಅವರ ಮಗನಿಗೂ ಆಟಿಸಂ) ತಾಯಿ-ಮಗನನ್ನು ಅಮೆರಿಕಕ್ಕೆ ಕರೆಸಿಕೊಂಡರು. ಸೋಮಾ ಅವರ ವಿಧಾನ ಅಲ್ಲಿ ರ್‍ಯಾಪಿಡ್ ಪ್ರಾಂಪ್ಟಿಂಗ್ ಎಂಬ ಹೆಸರಿನಲ್ಲಿ ಹಬ್ಬಿತು.

ಇಲ್ಲಿ ಎಚ್ಚರ ಬೇಕು. ಟಿಟೊ ಕೈಯಾರೆ ಬರೆಯುವುದನ್ನು ಟಿವಿ ಕಾರ್ಯಕ್ರಮಗಳು ತೋರಿಸಿವೆ. ಅದೇ ವಿಧಾನವನ್ನು ಎಲ್ಲ ಮಕ್ಕಳಿಗೂ ಹಚ್ಚಿದಾಗ ಏನಾಗುತ್ತದೆ ಎಂಬುದು ಬೇರೆ ಪ್ರಶ್ನೆ. ಸಹಾಯಕರು ಅಕ್ಷರ ಹಲಗೆಯನ್ನು ಗಾಳಿಯಲ್ಲಿ ಹಿಡಿದಿರುತ್ತಾರೆ, ಮಗು ಬೆರಳಿಡುತ್ತದೆ. ಹಲಗೆ ಕೂದಲೆಳೆಯಷ್ಟು ಅತ್ತಿತ್ತ ಸರಿದರೂ, 'ಹೂಂ, ಮುಂದೆ' ಎಂಬ ದನಿ ಸ್ವಲ್ಪ ಏರಿದರೂ ಬರುವ ಅಕ್ಷರ ಬದಲಾಗುತ್ತದೆ. ಹಿಡಿದವರಿಗೂ ಅದು ಗೊತ್ತಾಗುವುದಿಲ್ಲ. ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ 2018ರಲ್ಲಿ ಈ ವಿಧಾನ ಬೇಡವೆಂದು ಅಧಿಕೃತವಾಗಿ ಹೇಳಿತು. ನಿಮ್ಮ ಮಗುವಿಗೆ ಯಾರಾದರೂ ಇದನ್ನು ಸೂಚಿಸಿದರೆ ಪರೀಕ್ಷಿಸುವುದು ಸುಲಭ. ಸಹಾಯಕರನ್ನು ಹೊರಗೆ ಕಳಿಸಿ ಮಗುವಿಗೆ ಐದು ಚಿತ್ರ ತೋರಿಸಿ. ಆಮೇಲೆ ಸಹಾಯಕರನ್ನು ಕರೆದು, ಏನು ನೋಡಿದೆ ಎಂದು ಹಲಗೆಯ ಮೇಲೆ ಕೇಳಿ. 1990ರ ದಶಕದಲ್ಲಿ ಕೈಹಿಡಿದು ಟೈಪ್ ಮಾಡಿಸುವ ವಿಧಾನ ಬಿದ್ದುಹೋದದ್ದು ಇಂಥದ್ದೇ ಪರೀಕ್ಷೆಯಲ್ಲಿ: ಸಹಾಯಕರಿಗೆ ಒಂದು ಚಿತ್ರ, ಮಗುವಿಗೆ ಇನ್ನೊಂದು ತೋರಿಸಿದಾಗ ಟೈಪ್ ಆದದ್ದು ಸಹಾಯಕರು ಕಂಡದ್ದು.

ಮಾತಿಗೆ ಬದಲಿ ಬೇಡವೆಂದು ಇದರರ್ಥವಲ್ಲ, ಬೇಕೇ ಬೇಕು. ಚಿತ್ರದ ಕಾರ್ಡ್ ಅಥವಾ ಟ್ಯಾಬ್ಲೆಟ್‌ನ ಮಾತಾಡುವ ಆ್ಯಪ್ ಇರಲಿ, ಅದು ಮೇಜಿನ ಮೇಲಿರಬೇಕು, ಮಗು ತಾನೇ ತೆಗೆದು ಕೊಡಬೇಕು. ಮೊದಲು ಒಂದೇ ಕಾರ್ಡ್, ಮಗುವಿಗೆ ಅತಿ ಇಷ್ಟವಾದ ತಿಂಡಿಯದು. ಅವಲಕ್ಕಿ ಡಬ್ಬಿ ಕಾಣುವಂತಿದ್ದು ಕೈಗೆ ಎಟಕದಿರಲಿ. ಕಾರ್ಡ್ ಕೊಟ್ಟ ಕೂಡಲೇ ಒಂದು ಚಮಚ, ಇಡೀ ಬಟ್ಟಲಲ್ಲ. ಮನೆಗಳಲ್ಲಿ ಇದು ಸೋಲುವುದಕ್ಕೆ ಸಾಮಾನ್ಯ ಕಾರಣ ಪ್ರೀತಿಯೇ: ಮಗು ಕೇಳುವ ಮೊದಲೇ ಅಜ್ಜಿ ಎಲ್ಲವನ್ನೂ ಕೈಗಿಟ್ಟರೆ ಅದಕ್ಕೆ ಕೇಳುವ ಅಗತ್ಯವೇ ಬರುವುದಿಲ್ಲ. ಕಾರ್ಡ್ ಬಳಸಿದರೆ ಮಾತು ಬಾರದೇ ಹೋಗುತ್ತದೆ ಎಂಬ ಭಯಕ್ಕೂ ಆಧಾರವಿಲ್ಲ.

ಹೆಸರು ಕೆಡುಕನ್ನೂ ಹೊರುತ್ತದೆ

ಹೆತ್ತವರೇ ಈ ಕ್ಷೇತ್ರವನ್ನು ಕಟ್ಟಿದ್ದು ಎಂಬುದು ಉತ್ಪ್ರೇಕ್ಷೆಯಲ್ಲ. ತಾಯಿಯ ತಣ್ಣನೆಯ ಮನಸ್ಸೇ ಆಟಿಸಂಗೆ ಕಾರಣ ಎಂಬ ಕ್ರೂರ ವಾದವನ್ನು 1964ರಲ್ಲಿ ಮುರಿದವರು ಮನೋವಿಜ್ಞಾನಿ ಬರ್ನಾರ್ಡ್ ರಿಮ್‌ಲ್ಯಾಂಡ್, ಆಟಿಸಂ ಇದ್ದ ಮಗನ ತಂದೆ. 'ಸ್ಪೆಕ್ಟ್ರಮ್' ಎಂಬ ತಿಳಿವಳಿಕೆ ತಂದವರು ಬ್ರಿಟನ್ನಿನ ಮನೋವೈದ್ಯೆ ಲೋರ್ನಾ ವಿಂಗ್, ಆಟಿಸಂ ಇದ್ದ ಮಗಳ ತಾಯಿ. ಇಲ್ಲಿ ಮೆರಿ ಬರುವಾ 1991ರಲ್ಲಿ ದೆಹಲಿಯಲ್ಲಿ ಆ್ಯಕ್ಷನ್ ಫಾರ್ ಆಟಿಸಂ ಶುರು ಮಾಡಿದ್ದೂ ತಾಯಿಯಾಗಿಯೇ. ಆದರೆ ಅದೇ ರಿಮ್‌ಲ್ಯಾಂಡ್ ಮುಂದೆ ಲಸಿಕೆಯ ಮೇಲೆ ಅನುಮಾನ ಹಬ್ಬಿಸಿದರು, ದೇಹದಿಂದ ಲೋಹ ತೆಗೆಯುವ ಚಿಕಿತ್ಸೆಗಳ ಪರ ನಿಂತರು. ಹೆತ್ತವರ ಹಟ ಎರಡೂ ದಿಕ್ಕಿಗೆ ಎಳೆಯುತ್ತದೆ.

ಲಸಿಕೆಯ ಕಥೆ ಹಳತು: ಲಸಿಕೆಗೂ ಆಟಿಸಂಗೂ ನಂಟಿರಬಹುದೆಂದ 1998ರ ಆ್ಯಂಡ್ರೂ ವೇಕ್‌ಫೀಲ್ಡ್ ಪ್ರಬಂಧ 12 ಮಕ್ಕಳದು, 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆಯಿತು, ಅವರ ವೈದ್ಯ ನೋಂದಣಿಯೂ ಹೋಯಿತು. ಡೆನ್ಮಾರ್ಕ್‌ನಲ್ಲಿ 6.5 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ನೋಡಿದ 2019ರ ಅಧ್ಯಯನದಲ್ಲಿ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಗೂ ಆಟಿಸಂಗೂ ನಂಟು ಕಾಣಲಿಲ್ಲ. ಆದರೂ ಅನುಮಾನ ಸಾಯದಿರಲು ನಟಿ ಜೆನ್ನಿ ಮೆಕಾರ್ಥಿಯಂಥ ಹೆಸರಾಂತ ತಾಯಂದಿರು ಟಿವಿಯಲ್ಲಿ ಕೂತು ಹೇಳಿದ ಮಾತೂ ಕಾರಣ. ಲೋಹ ತೆಗೆಯುವ ಕೀಲೇಷನ್‌ನಿಂದ 2005ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಐದು ವರ್ಷದ ಹುಡುಗನೊಬ್ಬ ಸತ್ತ. ಕೊಟ್ಟ ಔಷಧ ರಕ್ತದ ಕ್ಯಾಲ್ಸಿಯಂ ಅನ್ನೂ ಎಳೆದುಕೊಂಡು ಹೋಗುವಂಥದ್ದು. ಕ್ಯಾಲ್ಸಿಯಂ ಕುಸಿದರೆ ಹೃದಯ ನಿಲ್ಲಬಹುದು.

2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಗರ್ಭಿಣಿಯರು ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಾರದು, ಅದರಿಂದ ಆಟಿಸಂ ಬರುತ್ತದೆ ಎಂಬರ್ಥದಲ್ಲಿ ಮಾತಾಡಿದ್ದು ಇದರ ಹೊಸ ಅಧ್ಯಾಯ. ಸ್ವೀಡನ್ನಿನಲ್ಲಿ ಸುಮಾರು 25 ಲಕ್ಷ ಮಕ್ಕಳ ದಾಖಲೆ ನೋಡಿದ 2024ರ ಅಧ್ಯಯನದಲ್ಲಿ ಒಂದು ಸಣ್ಣ ನಂಟು ಮೊದಲು ಕಂಡಿತು. ಒಂದೇ ತಾಯಿಯ ಮಕ್ಕಳನ್ನು, ಒಂದು ಬಸಿರಲ್ಲಿ ಮಾತ್ರೆ ನುಂಗಿ ಇನ್ನೊಂದರಲ್ಲಿ ನುಂಗದವರನ್ನು, ಹೋಲಿಸಿದಾಗ ಅದೂ ಮಾಯವಾಯಿತು. ಅಂದರೆ ವ್ಯತ್ಯಾಸ ಮಾತ್ರೆಯದಲ್ಲ, ಮನೆತನದ್ದು. ಬಸುರಿನಲ್ಲಿ ಏರಿದ ಜ್ವರವನ್ನು ಹಾಗೇ ಬಿಡುವುದೇ ಹೆಚ್ಚು ಅಪಾಯ. ಅಮೆರಿಕದ ಅಂಕಿ 2000ದಲ್ಲಿ 150 ಮಕ್ಕಳಿಗೆ ಒಂದಿದ್ದದ್ದು 2022ರಲ್ಲಿ 31ಕ್ಕೆ ಒಂದಾಯಿತಲ್ಲ ಎಂದು ಕೇಳುವವರಿಗೆ: ವ್ಯಾಖ್ಯೆ ಹಿಗ್ಗಿತು, ತಪಾಸಣೆ ಹೆಚ್ಚಿತು, ಹಿಂದೆ 'ಬುದ್ಧಿಮಾಂದ್ಯ' ಎಂಬ ಖಾನೆಯಲ್ಲಿದ್ದವರು ಈ ಖಾನೆಗೆ ಬಂದರು. ಏರಿಕೆಯ ದೊಡ್ಡ ಪಾಲು ಅದು.

ನಮ್ಮ ನಗರಗಳ ಕೀಲೇಷನ್ ಎಂದರೆ ಸ್ಟೆಮ್‌ಸೆಲ್ (ಆಕರಕೋಶ) ಚಿಕಿತ್ಸೆ. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಬೆನ್ನುಹುರಿಯ ದ್ರವಕ್ಕೆ ಸೇರಿಸಲು ಲಕ್ಷಗಟ್ಟಲೆ ಸುಲಿಯುತ್ತಾರೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರ ಡಿಸೆಂಬರ್‌ನಲ್ಲಿ ಆಟಿಸಂಗೆ ಇದನ್ನು ಶಿಫಾರಸು ಮಾಡುವುದಿಲ್ಲ, ಪ್ರಚಾರ ಮಾಡುವುದು ವೃತ್ತಿ ದುರ್ನಡತೆ ಎಂದಿದೆ. ಜಾಹೀರಾತಿನಲ್ಲಿ 'ಮೊದಲು–ನಂತರ' ವಿಡಿಯೊ ಕಂಡರೆ ಒಂದು ವಿಷಯ ನೆನಪಿರಲಿ: ಮೂರು ವರ್ಷದ ಮಗು ಏನೂ ಮಾಡದಿದ್ದರೂ ಆರು ತಿಂಗಳಲ್ಲಿ ಆರು ತಿಂಗಳು ಬೆಳೆದಿರುತ್ತದೆ.

ಕೆಲಸ

ಡೆನ್ಮಾರ್ಕ್‌ನ ಟೆಲಿಕಾಂ ಉದ್ಯೋಗಿ ಥಾರ್ಕಿಲ್ ಸೊನ್ನೆ, ಮಗನಿಗೆ ಆಟಿಸಂ ಎಂದು ಗೊತ್ತಾದ ಮೇಲೆ ಕೆಲಸ ಬಿಟ್ಟು 2004ರಲ್ಲಿ ಸ್ಪೆಷಲಿಸ್ಟರ್ನೆ ಎಂಬ ಕಂಪನಿ ಕಟ್ಟಿದರು. ಆಟಿಸಂ ಇರುವವರನ್ನೇ ಸಾಫ್ಟ್‌ವೇರ್ ಪರೀಕ್ಷಕರನ್ನಾಗಿ ತರಬೇತುಗೊಳಿಸಿದರು. ಅವರೊಡನೆ ಕೈಜೋಡಿಸಿ ಜರ್ಮನಿಯ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ 2013ರಲ್ಲಿ ಜಗತ್ತಿನಾದ್ಯಂತ ಯೋಜನೆ ಘೋಷಿಸುವ ಮುನ್ನ, ಮೊದಲ ಪ್ರಯೋಗ ನಡೆದದ್ದು ಅದರ ಭಾರತದ ಲ್ಯಾಬ್‌ನಲ್ಲಿ, ಆರು ಪರೀಕ್ಷಕರೊಂದಿಗೆ. ಸ್ಪೆಷಲಿಸ್ಟರ್ನೆ ಬದಲಿಸಿದ ಮುಖ್ಯ ವಿಷಯ ಸಂದರ್ಶನ. 'ಐದು ವರ್ಷದ ಮೇಲೆ ಎಲ್ಲಿರುತ್ತೀರಿ' ಎಂಬ ಪ್ರಶ್ನೆಗೆ ಕಣ್ಣಲ್ಲಿ ಕಣ್ಣಿಟ್ಟು ಉತ್ತರಿಸಬೇಕಾದ ಅರ್ಧ ಗಂಟೆಯಲ್ಲಿ ಒಳ್ಳೆಯ ಕೆಲಸಗಾರನೂ ಸೋಲುತ್ತಾನೆ. ಬದಲಿಗೆ ಲೆಗೊ ರೋಬಾಟ್ ಕಟ್ಟಲು ಕೊಟ್ಟು ವಾರಗಟ್ಟಲೆ ಗಮನಿಸಿದರು. ಸಾಫ್ಟ್‌ವೇರ್ ಎಲ್ಲರ ಕೈಗೆಟಕುವಂಥದ್ದಲ್ಲ. ಆದರೆ ಪ್ರಿಂಟಿಂಗ್ ಪ್ರೆಸ್, ಬೇಕರಿ, ಗ್ರಂಥಾಲಯ, ಎಲ್ಲಿಗೇ ಆಗಲಿ ಇದೇ ಕ್ರಮ ಒಗ್ಗುತ್ತದೆ: ಎರಡು ವಾರ ಕೆಲಸ ಮಾಡಿಸಿ ನೋಡಿ, ಹೇಳಬೇಕಾದ್ದನ್ನು ಬರೆದು ಕೊಡಿ, ಕೆಲಸ ಹೇಳುವವರು ಒಬ್ಬರೇ ಇರಲಿ.

ನಮ್ಮ ಜಿಲ್ಲೆಗಳಲ್ಲಿ ಕಟ್ಟಬಹುದಾದದ್ದು

ತಾತನ ಬ್ಯಾಂಕ್ ಇಲ್ಲದವರಿಗೆ ಕಾನೂನು ಕೆಲವು ತುಂಡುಗಳನ್ನು ಕೊಟ್ಟಿದೆ, ಜೋಡಿಸಿಕೊಳ್ಳುವುದು ಮನೆಯವರ ಕೆಲಸ. ಒಂದು ವರ್ಷಕ್ಕೆ ಹೆಸರು ಕರೆದರೆ ತಿರುಗದ, ಒಂದೂವರೆ ವರ್ಷಕ್ಕೆ ಬೆರಳು ತೋರಿಸದ ಮಗುವಿಗೆ ಮೊದಲು ಶ್ರವಣ ಪರೀಕ್ಷೆ. ಕಿವಿ ಸರಿಯಿದ್ದರೆ 16ರಿಂದ 30 ತಿಂಗಳ ಮಕ್ಕಳಿಗಾಗಿ ಇರುವ 20 ಪ್ರಶ್ನೆಗಳ ಎಂ-ಚಾಟ್. 8 ಅಥವಾ ಹೆಚ್ಚು ಅಂಕ ಬಂದರೆ ಕಾಯದೆ ತಜ್ಞರಲ್ಲಿಗೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ದೂರವಾದರೆ ಜಿಲ್ಲಾ ಆಸ್ಪತ್ರೆಯ ಮಕ್ಕಳ ಆರಂಭಿಕ ಚಿಕಿತ್ಸಾ ಕೇಂದ್ರ ಇದೆ. 'ಗಂಡುಮಕ್ಕಳು ತಡವಾಗಿ ಮಾತಾಡ್ತಾರೆ, ಅವರಪ್ಪನೂ ಹಾಗೇ' ಎಂಬ ಮನೆಯ ಮಾತಿಗೆ ಹೋಗುವ ಎರಡು ವರ್ಷ ದುಬಾರಿ.

ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಬಳಸುವ ಭಾರತೀಯ ಆಟಿಸಂ ಅಳತೆಪಟ್ಟಿಯಲ್ಲಿ 40 ಅಂಶಗಳಿವೆ, ಒಂದೊಂದಕ್ಕೆ 1ರಿಂದ 5. ಮೊತ್ತ 70 ಮುಟ್ಟಿದರೆ ಆಟಿಸಂ, 153 ಮೀರಿದರೆ ತೀವ್ರ. ತಪಾಸಣೆಯ ದಿನ ಮಗು ಶಾಂತವಾಗಿದ್ದುಬಿಟ್ಟರೆ ಅಂಕ ಕಡಿಮೆ ಬರುತ್ತದೆ. ಸಂತೆಯಲ್ಲಿ, ಮದುವೆ ಮನೆಯಲ್ಲಿ, ನಿದ್ದೆ ಬಾರದ ರಾತ್ರಿ ತೆಗೆದ ಮೂರ್ನಾಲ್ಕು ಚಿಕ್ಕ ವಿಡಿಯೊ, ಶಾಲೆಯ ಟಿಪ್ಪಣಿ ಒಯ್ಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಬಹುತೇಕ ಸೌಲಭ್ಯಕ್ಕೆ ಶೇ 40 ಅಂಗವೈಕಲ್ಯ ಬೇಕು. ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಅರ್ಜಿಯಲ್ಲಿ ಆಧಾರ್‌ನ ಹೆಸರಿಗೂ ಜನನ ಪ್ರಮಾಣಪತ್ರದ ಹೆಸರಿಗೂ ಒಂದಕ್ಷರ ಹೊಂದದಿದ್ದರೂ ಅಲೆದಾಟ, ಮೊದಲೇ ಸರಿಪಡಿಸಿ. ಹಳ್ಳಿಯವರಿಗೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಾಲ್ಲೂಕಿನ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಈ ಅರ್ಜಿ ಹಾಕಲು ನೆರವಾಗುತ್ತಾರೆ. ಪತ್ರ ಕೈಗೆ ಬಂದ ಮೇಲೆ ಕೇಂದ್ರದ ನಿರಾಮಯ ಆರೋಗ್ಯ ವಿಮೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಥೆರಪಿಗೆ ಒಳಮಿತಿಯೊಂದಿಗೆ ಹಣ ಬರುತ್ತದೆ. ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ 80ಡಿಡಿ ಎಂದೇ ಪರಿಚಿತವಾದ 75 ಸಾವಿರ ರೂಪಾಯಿ, ತೀವ್ರವಾದರೆ 1.25 ಲಕ್ಷದ ಕಡಿತ ಇದೆ.

ಹಗಲಿನ ಸುರಕ್ಷತೆಯ ವಿಷಯದಲ್ಲಿ ಒಂದು ಮಾತು. ಆಟಿಸಂ ಇರುವ ಜಿಯಾ ರೈ ಎಂಬ ಹುಡುಗಿ 2022ರ ಮಾರ್ಚ್‌ನಲ್ಲಿ ಶ್ರೀಲಂಕಾದ ತಲೈಮನ್ನಾರ್‌ನಿಂದ ಧನುಷ್ಕೋಡಿಗೆ 13 ಗಂಟೆ 10 ನಿಮಿಷದಲ್ಲಿ ಈಜಿದಳು. ಅಪ್ಪ ನೌಕಾಪಡೆಯವರು. ಎಲ್ಲರೂ ಜಲಸಂಧಿ ದಾಟಬೇಕಿಲ್ಲ, ಆದರೆ ಆಟಿಸಂ ಇರುವ ಮಕ್ಕಳು ಮನೆಯಿಂದ ಹೊರಬಿದ್ದಾಗ ನೀರಿನ ಕಡೆಗೆ ಹೋಗುವುದು, ಮುಳುಗುವುದು ಗೊತ್ತಿರುವ ಅಪಾಯ. ಬಾವಿ, ಕೆರೆ, ಕೃಷಿಹೊಂಡ ಇರುವ ಕಡೆ ಅಕ್ಷರಕ್ಕಿಂತ ಮೊದಲು ಈಜು ಕಲಿಸಿದರೂ ತಪ್ಪಿಲ್ಲ. ಬಾಗಿಲಿನ ಚಿಲಕ ಮಗುವಿಗೆ ಎಟಕದ ಎತ್ತರದಲ್ಲಿರಲಿ.

18 ತುಂಬಿದ ದಿನ ಹೆತ್ತವರ ಸಹಜ ಪೋಷಕತ್ವ ಮುಗಿಯುತ್ತದೆ. ಬಹಳ ಮನೆಗಳಿಗೆ ಇದು ಗೊತ್ತಾಗುವುದು ಬ್ಯಾಂಕಿನ ಕೌಂಟರಿನಲ್ಲಿ. ತನ್ನ ಹಣಕಾಸು ತಾನು ನೋಡಿಕೊಳ್ಳಬಲ್ಲವರಿಗೆ ಪೋಷಕರ ನೇಮಕ ಬೇಕಿಲ್ಲ, ಹೇರಬಾರದು ಕೂಡ. ಬೇಕಾದವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿದರೆ ಸಾಕು, ಸಿವಿಲ್ ಕೋರ್ಟಿಗೆ ಹೋಗಬೇಕಿಲ್ಲ. ಸಮಿತಿ ಕೊಡುವ ಪೋಷಕತ್ವದ ಪತ್ರವನ್ನು ಬ್ಯಾಂಕುಗಳು ಒಪ್ಪಬಹುದೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಕೇಂದ್ರ ಸರ್ಕಾರಿ ನೌಕರರಾಗಿದ್ದರೆ ಬದುಕಿರುವಾಗಲೇ ಪಿಂಚಣಿ ಆದೇಶದಲ್ಲಿ ಮಗುವಿನ ಹೆಸರು ಸೇರಿಸಿ, ಷರತ್ತಿಗೆ ಒಳಪಟ್ಟು ಆಜೀವ ಕುಟುಂಬ ಪಿಂಚಣಿ ಸಿಗುತ್ತದೆ. ನಂತರ ಸೇರಿಸಲು ಅಲೆಯುವ ಶಕ್ತಿ ಇರುವವರು ಉಳಿದಿರುವುದಿಲ್ಲ.

ಆಸ್ತಿಯನ್ನು ನೇರವಾಗಿ ಆ ಮಗುವಿನ ಹೆಸರಿಗೆ ವಿಲ್ ಬರೆಯುವುದು ಸಾಮಾನ್ಯ ತಪ್ಪು. ಸಹಿ ಮಾಡಲಾಗದವರ ಹೆಸರಲ್ಲಿ ಬಿದ್ದ ಸೈಟನ್ನು ಮಾರುವುದೂ ಕಷ್ಟ, ಬಾಡಿಗೆಗೆ ಕೊಡುವುದೂ ಕಷ್ಟ. 'ಅಣ್ಣ ನೋಡ್ಕೋತಾನೆ' ಎಂದು ಎಲ್ಲವನ್ನೂ ಅಣ್ಣನ ಹೆಸರಿಗೆ ಮಾಡಿದರೆ ಅದು ಅವನ ಸಾಲಕ್ಕೂ ವಿಚ್ಛೇದನಕ್ಕೂ ಸಿಕ್ಕಿಕೊಳ್ಳುತ್ತದೆ. 1882ರ ಟ್ರಸ್ಟ್ ಕಾಯ್ದೆಯಡಿ ಖಾಸಗಿ ಟ್ರಸ್ಟ್ ಮಾಡಿ, ಮಗುವನ್ನು ಫಲಾನುಭವಿಯಾಗಿಸಿ, ಕನಿಷ್ಠ ಇಬ್ಬರು ಟ್ರಸ್ಟಿ, ಅವರ ನಂತರದ ಒಬ್ಬರ ಹೆಸರು, ಲೆಕ್ಕ ನೋಡುವ ಹೊರಗಿನವರೊಬ್ಬರನ್ನು ಬರೆಯಿರಿ. ದೈನಂದಿನ ಆರೈಕೆ ಮಾಡುವವರೂ ಹಣ ಬಿಡುಗಡೆ ಮಾಡುವವರೂ ಒಬ್ಬರೇ ಆಗದಿರಲಿ. ಜೊತೆಗೆ ಕಾನೂನಿನ ಬಲವಿಲ್ಲದ, ಆದರೆ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಒಂದು ಕಾಗದ ಇರಲಿ: ಮಾತ್ರೆಯ ಹೆಸರು ಮತ್ತು ಪ್ರಮಾಣ, ಫಿಟ್ಸ್ ಬಂದರೆ ಏನು, ಯಾವ ಸದ್ದಿಗೆ ಕಿವಿ ಮುಚ್ಚುತ್ತಾನೆ, ಹಲ್ಲುನೋವಾದರೆ ಹೇಗೆ ತೋರಿಸುತ್ತಾನೆ, ಮೊಸರನ್ನ ಯಾವ ತಟ್ಟೆಯಲ್ಲಿ ಮಾತ್ರ ತಿನ್ನುತ್ತಾನೆ, ಊರಲ್ಲಿ ಯಾರ ಮಾತು ಕೇಳುತ್ತಾನೆ. ಪ್ರತಿ ಯುಗಾದಿಗೆ ಅದನ್ನು ಹೊಸದಾಗಿ ಬರೆದು ಒಂದು ಪ್ರತಿ ಟ್ರಸ್ಟಿಗೆ, ಒಂದು ಪ್ರತಿ ಪಕ್ಕದ ಮನೆಗೆ ಕೊಡಿ.